ಡಿಎಸ್‌ಎಲ್‌ಆರ್ ಮಾರಿ ರೇಂಜ್‌ಫೈಂಡರ್ ಕೊಂಡರೆ ಫೋಟೊ ಚೆನ್ನಾಗಿ ಬರುತ್ತದೆಯೇ?

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಹೆಬ್ಬೆರಳನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಎದುರಿನ ಗೋಡೆಯ ಮೇಲೆ ಅತ್ತಿಂದಿತ್ತ ಜಿಗಿದಂತೆ ಕಾಣುತ್ತದೆ. ಈಗ ಕೈಯನ್ನು ಪೂರ್ತಿ ಚಾಚಿ ಅದನ್ನೇ ಮಾಡಿ. ಜಿಗಿತ ಕಡಿಮೆಯಾಗುತ್ತದೆ. ವಸ್ತು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು, ದೂರ ಹೋದಷ್ಟೂ ಕಡಿಮೆ.

ರೇಂಜ್‌ಫೈಂಡರ್ ಎಂಬ ಕ್ಯಾಮೆರಾದ ಗುಟ್ಟೆಲ್ಲ ಈ ಜಿಗಿತದಲ್ಲೇ ಇದೆ.

ಫೋಟೊ ಹುಚ್ಚಿರುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಕ್ಯಾಮೆರಾದ ಬಗ್ಗೆ ಬಗೆಬಗೆಯ ಮಾತು ಓಡಾಡುತ್ತವೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ದೊಡ್ಡ ಕಲಾವಿದರೆಲ್ಲ ಬಳಸಿದ್ದು ರೇಂಜ್‌ಫೈಂಡರ್, ಅದರಲ್ಲಿ ಕನ್ನಡಿ ಇಲ್ಲದ್ದರಿಂದ ಚಿತ್ರ ಹೆಚ್ಚು ಸ್ಪಷ್ಟ, ಬೀದಿಯಲ್ಲಿ ಯಾರಿಗೂ ಗೊತ್ತಾಗದಂತೆ ಫೋಟೊ ತೆಗೆಯಬಹುದು, ಹೀಗೆ. ಇದನ್ನು ನಂಬಿ ಚೆನ್ನಾಗಿ ಕೆಲಸ ಮಾಡುತ್ತಿರುವ ಕ್ಯಾಮೆರಾವನ್ನು ಅರ್ಧ ಬೆಲೆಗೆ ಮಾರುವವರೂ ಇದ್ದಾರೆ. ಹವ್ಯಾಸಿಗೆ ಅದರಿಂದ ಹಣ ಮಾತ್ರ ನಷ್ಟ. ಮದುವೆ, ನಾಮಕರಣದ ಫೋಟೊ ತೆಗೆದೇ ಸಂಸಾರ ನಡೆಸುವವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ನೋಡೋಣ.

ಡಿಎಸ್‌ಎಲ್‌ಆರ್ ಒಳಗೆ ಏನಿದೆ?

ಎಸ್‌ಎಲ್‌ಆರ್ ಅಂದರೆ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಡಿಜಿಟಲ್ ಆದದ್ದು ಡಿಎಸ್‌ಎಲ್‌ಆರ್. ಲೆನ್ಸ್‌ನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಕೂತಿರುತ್ತದೆ. ಲೆನ್ಸ್‌ನಿಂದ ಬಂದ ಬೆಳಕು ಈ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ, ಅಲ್ಲಿ ಗಾಜಿನ ಪಟ್ಟಕದಲ್ಲಿ ತಿರುಗಿ ನಿಮ್ಮ ಕಣ್ಣಿಗೆ ಬರುತ್ತದೆ. ಅಂದರೆ ಲೆನ್ಸ್ ಏನನ್ನು ನೋಡುತ್ತದೋ ನೀವೂ ಅದನ್ನೇ ನೋಡುತ್ತೀರಿ. ಬಟನ್ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ನಾವು ಕೇಳುವ 'ಟಪಕ್' ಸದ್ದಿನಲ್ಲಿ ದೊಡ್ಡ ಪಾಲು ಈ ಕನ್ನಡಿಯದು. ಆ ಒಂದು ಕ್ಷಣ ಕಣ್ಣಿಗೆ ಕತ್ತಲು. ನೀವು ಸೆರೆಹಿಡಿದ ಗಳಿಗೆಯನ್ನು ಮಾತ್ರ ನೀವು ನೋಡಿರುವುದಿಲ್ಲ!

ರೇಂಜ್‌ಫೈಂಡರ್ ಒಳಗೆ ಏನಿದೆ?

ರೇಂಜ್‌ಫೈಂಡರ್ ಅಂದರೆ ದೂರ ಅಳೆಯುವ ಸಾಧನ. ಈ ಕ್ಯಾಮೆರಾದಲ್ಲಿ ನೀವು ಲೆನ್ಸ್ ಮೂಲಕ ನೋಡುವುದೇ ಇಲ್ಲ. ಮೂಲೆಯಲ್ಲಿರುವ ಒಂದು ಪುಟ್ಟ ಕಿಟಕಿಯ ಮೂಲಕ ನೋಡುತ್ತೀರಿ. ಅದರಿಂದ ಕೆಲವು ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಸಣ್ಣ ಕಿಟಕಿ ಇರುತ್ತದೆ. ಎರಡನೆಯ ಕಿಟಕಿಯ ಬಿಂಬವನ್ನು ಒಳಗಿನ ಕನ್ನಡಿ ಮತ್ತು ಪಟ್ಟಕಗಳು ಮೊದಲನೆಯದರ ನಡುವೆ ತಂದು ಕೂರಿಸುತ್ತವೆ. ಹಾಗಾಗಿ ನೋಟದ ಮಧ್ಯದಲ್ಲಿ ಎದುರಿಗಿರುವ ವ್ಯಕ್ತಿ ಎರಡೆರಡಾಗಿ ಕಾಣುತ್ತಾನೆ. ಲೆನ್ಸ್‌ನ ಬಳೆಯನ್ನು ತಿರುಗಿಸಿದಂತೆ ಎರಡೂ ಬಿಂಬಗಳು ಹತ್ತಿರ ಬರುತ್ತವೆ. ಒಂದರ ಮೇಲೊಂದು ಸರಿಯಾಗಿ ಕೂತಾಗ ಫೋಕಸ್ ಆಯಿತೆಂದು ಅರ್ಥ.

ಇದೇ ಹೆಬ್ಬೆರಳಿನ ಆಟ. ಜರ್ಮನಿಯ ಲೈಕಾ ಎಂ ಕ್ಯಾಮೆರಾಗಳಲ್ಲಿ ಎರಡು ಕಿಟಕಿಗಳ ನಡುವಿನ ಅಂತರ ಸುಮಾರು 7 ಸೆಂ.ಮೀ. ನಮ್ಮ ಎರಡು ಕಣ್ಣುಗಳ ನಡುವೆ ಇರುವಷ್ಟೇ ಅಂತರ ಎನ್ನಬಹುದು. ಒಂದು ಮೀಟರ್ ದೂರದ ವಸ್ತುವನ್ನು ಈ ಎರಡು ಕಿಟಕಿಗಳಿಂದ ನೋಡಿದರೆ ನೋಟದ ಕೋನದಲ್ಲಿ ಸುಮಾರು 4 ಡಿಗ್ರಿ ವ್ಯತ್ಯಾಸ. 10 ಮೀಟರ್ ದೂರದಲ್ಲಿ 0.4 ಡಿಗ್ರಿ. 100 ಮೀಟರ್ ದೂರದಲ್ಲಿ ಬರೀ 0.04 ಡಿಗ್ರಿ. ಈ ಮೂರು ಸಂಖ್ಯೆಗಳನ್ನು ನೆನಪಿಡಿ. ರೇಂಜ್‌ಫೈಂಡರ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಇವೇ ಹೇಳುತ್ತವೆ.

ಇಂದಿರಾನಗರದ ನೆಲದ ಮೇಲೂ ಇದೇ ಲೆಕ್ಕ

ಎರಡು ಜಾಗಗಳಿಂದ ಒಂದೇ ವಸ್ತುವನ್ನು ನೋಡಿ, ಕೋನ ಅಳೆದು, ದೂರ ಕಂಡುಹಿಡಿಯುವ ಈ ವಿದ್ಯೆಗೂ ಪೂರ್ವ ಬೆಂಗಳೂರಿಗೂ ಹಳೆಯ ನಂಟಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬಾಣಸವಾಡಿ ಮತ್ತು ಅಗರದ ನಡುವೆ ಸುಮಾರು 12 ಕಿ.ಮೀ. ಉದ್ದದ ನೇರ ಗೆರೆಯೊಂದನ್ನು ಸರಪಳಿ ಹಿಡಿದು ಅಳೆಸಿದ. ನಕ್ಷೆಯಲ್ಲಿ ಈ ಎರಡು ಊರುಗಳನ್ನು ಸೇರಿಸಿ ಗೆರೆ ಎಳೆದು ನೋಡಿ, ಅದು ಇಂದಿನ ಇಂದಿರಾನಗರ, ದೊಮ್ಮಲೂರಿನ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಇದಕ್ಕೆ ಆಧಾರರೇಖೆ ಎನ್ನುತ್ತಾರೆ. ಗೆರೆಯ ಉದ್ದ ಗೊತ್ತಿದ್ದು, ಅದರ ಎರಡೂ ತುದಿಗಳಿಂದ ದೂರದ ಬೆಟ್ಟವೊಂದರ ಕೋನ ಅಳೆದರೆ, ಬೆಟ್ಟದವರೆಗೆ ನಡೆಯದೆಯೇ ಅದು ಎಷ್ಟು ದೂರ ಎಂದು ಹೇಳಬಹುದು. 1802ರಲ್ಲಿ ಮದರಾಸಿನಲ್ಲಿ ಶುರುವಾಗಿ, ಮುಂದೆ ಇಡೀ ಭಾರತವನ್ನು ಅಳೆದ ಮಹಾ ತ್ರಿಕೋನ ಸರ್ವೆಗೆ ಇದು ಪೂರ್ವತಯಾರಿಯಂತಿತ್ತು.

ಲ್ಯಾಂಬ್ಟನ್‌ನ ಆಧಾರರೇಖೆ 12 ಕಿ.ಮೀ., ಕ್ಯಾಮೆರಾದ್ದು 7 ಸೆಂ.ಮೀ. ಗೆರೆ ಉದ್ದವಿದ್ದಷ್ಟೂ ದೂರದ ವಸ್ತುಗಳನ್ನು ನಿಖರವಾಗಿ ಅಳೆಯಬಹುದು. ಅಂಗೈಯಗಲದ ಗೆರೆ ಇಟ್ಟುಕೊಂಡ ಕ್ಯಾಮೆರಾ, ಎದುರಿನ ಅಂಗಡಿಯಲ್ಲಿ ನಿಂತವರನ್ನು ಚೆನ್ನಾಗಿ ಅಳೆಯುತ್ತದೆ. ಕೆರೆಯಾಚೆಯ ಕೊಕ್ಕರೆಯ ವಿಷಯದಲ್ಲಿ ತಡವರಿಸುತ್ತದೆ.

ನಂಬಿಕೆ 1: ಕನ್ನಡಿ ಇಲ್ಲದ್ದರಿಂದ ಚಿತ್ರ ಹೆಚ್ಚು ಸ್ಪಷ್ಟ

ಇದು ಅರ್ಧ ಸತ್ಯ. ಕನ್ನಡಿ ಇಲ್ಲದಿದ್ದರೆ ಲೆನ್ಸನ್ನು ಸೆನ್ಸರ್‌ಗೆ ಹತ್ತಿರ ಕೂರಿಸಬಹುದು. ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ವರೆಗಿನ ಅಂತರ ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ 46.5 ಮಿ.ಮೀ., ಲೈಕಾ ಎಂ ಕ್ಯಾಮೆರಾಗಳಲ್ಲಿ 27.8 ಮಿ.ಮೀ. ಇದರಿಂದ ಅಗಲ ನೋಟದ ಲೆನ್ಸ್‌ಗಳನ್ನು ಚಿಕ್ಕದಾಗಿ, ಹಗುರವಾಗಿ ಮಾಡುವುದು ಸುಲಭ. ಕನ್ನಡಿಯ ಅದುರುವಿಕೆಯೂ ಇರುವುದಿಲ್ಲ.

ಆದರೆ ಈ ಲಾಭ ರೇಂಜ್‌ಫೈಂಡರ್‌ಗೆ ಮಾತ್ರ ಮೀಸಲಲ್ಲ. ಇಂದಿನ ಎಲ್ಲ ಮಿರರ್‌ಲೆಸ್ ಕ್ಯಾಮೆರಾಗಳಿಗೂ ಇದು ಸಿಗುತ್ತದೆ. ನಿಕಾನ್ ಝಡ್ ಸರಣಿಯಲ್ಲಿ ಆ ಅಂತರ 16 ಮಿ.ಮೀ. ಮಾತ್ರ. ಮೇಲಾಗಿ ಹಲವು ಮಿರರ್‌ಲೆಸ್‌ಗಳಲ್ಲಿ ಕೈ ನಡುಕವನ್ನು ಸರಿದೂಗಿಸಲು ಸೆನ್ಸರೇ ಅಲುಗಾಡುವ ವ್ಯವಸ್ಥೆ ಇದೆ. ಲೈಕಾ ಎಂ ಕ್ಯಾಮೆರಾಗಳಲ್ಲಿ ಅದಿಲ್ಲ. ಚಿತ್ರದ ಗುಣಮಟ್ಟ ನಿರ್ಧಾರವಾಗುವುದು ಲೆನ್ಸ್, ಸೆನ್ಸರ್, ಬೆಳಕು ಮತ್ತು ನಿಮ್ಮ ಕೈಯಿಂದ. ನೀವು ಯಾವ ಕಿಟಕಿಯಿಂದ ನೋಡಿದಿರಿ ಎಂಬುದರಿಂದಲ್ಲ.

ದುಬಾರಿ ಎಂದ ಮಾತ್ರಕ್ಕೆ ದೋಷವಿಲ್ಲ ಎಂದೂ ಅಲ್ಲ. 2006ರಲ್ಲಿ ಬಂದ ಲೈಕಾ ಎಂ8, ಆ ಸರಣಿಯ ಮೊದಲ ಡಿಜಿಟಲ್ ಕ್ಯಾಮೆರಾ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನೂ ಅದು ಹಿಡಿದುಬಿಡುತ್ತಿದ್ದರಿಂದ ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ ಛಾಯೆಯಲ್ಲಿ ಬರುತ್ತಿದ್ದವು. ಲೆನ್ಸ್ ಮುಂದೆ ವಿಶೇಷ ಫಿಲ್ಟರ್ ಹಾಕಿಕೊಳ್ಳಬೇಕಾಯಿತು.

ನಂಬಿಕೆ 2: ಮೂಲೆಯಲ್ಲಿ ಕಿಟಕಿ ಇರುವುದೆಲ್ಲ ರೇಂಜ್‌ಫೈಂಡರ್

ಅಂಗಡಿಗಳಲ್ಲೂ ವಿಡಿಯೊಗಳಲ್ಲೂ 'ರೇಂಜ್‌ಫೈಂಡರ್ ಸ್ಟೈಲ್' ಎಂಬ ಮಾತು ಕೇಳುತ್ತೀರಿ. ಅದು ಆಕಾರದ ಹೆಸರು ಮಾತ್ರ. ಉದಾಹರಣೆಗೆ ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯ ಕ್ಯಾಮೆರಾಗಳು ನೋಡಲು ಹಾಗೇ ಇವೆ, ಆದರೆ ಅವುಗಳೊಳಗೆ ಎರಡು ಬಿಂಬ ಕೂಡಿಸುವ ಯಂತ್ರವಿಲ್ಲ. ಅವು ಆಟೊಫೋಕಸ್ ಕ್ಯಾಮೆರಾಗಳು. ಒಳ್ಳೆಯ ಕ್ಯಾಮೆರಾಗಳೇ, ಅದರಲ್ಲಿ ಅನುಮಾನವಿಲ್ಲ. ನಿಜವಾದ ಡಿಜಿಟಲ್ ರೇಂಜ್‌ಫೈಂಡರ್‌ಗಳು ಬೆರಳೆಣಿಕೆಯಷ್ಟು. ಮೊದಲನೆಯದು 2004ರ ಎಪ್ಸನ್ ಆರ್‌-ಡಿ1. ಆಮೇಲೆ ಈ ಕ್ಷೇತ್ರ ಹೆಚ್ಚುಕಡಿಮೆ ಲೈಕಾ ಕೈಯಲ್ಲೇ ಉಳಿಯಿತು. ಹೊಸದರ ಬೆಲೆ, ಲೆನ್ಸ್ ಬಿಟ್ಟು, ಹಲವು ಲಕ್ಷ ರೂಪಾಯಿ.

ನಂಬಿಕೆ 3: ಮಹಾನ್ ಛಾಯಾಗ್ರಾಹಕರೆಲ್ಲ ಇದನ್ನೇ ಬಳಸಿದರು

ಫ್ರಾನ್ಸ್‌ನ ಹೆನ್ರಿ ಕಾರ್ಟಿಯೇ ಬ್ರೆಸಾನ್ ಹೆಸರು ಇಲ್ಲಿ ಬಂದೇ ಬರುತ್ತದೆ. 1948ರ ಜನವರಿ 30ರಂದು, ಹತ್ಯೆಗೆ ಕೆಲವೇ ಗಂಟೆಗಳ ಮೊದಲು, ಗಾಂಧೀಜಿಯನ್ನು ಭೇಟಿಯಾಗಿದ್ದ ಛಾಯಾಗ್ರಾಹಕ ಅವರು. ಲೈಕಾ ಮತ್ತು 50 ಮಿ.ಮೀ. ಲೆನ್ಸ್ ಅವರ ನೆಚ್ಚಿನ ಜೋಡಿ ಎಂಬುದೂ ನಿಜ.

ಆದರೆ ಕಾಲವನ್ನು ಗಮನಿಸಿ. ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಲೆನ್ಸ್‌ಗೆ ಜೋಡಿಸಿದ ರೇಂಜ್‌ಫೈಂಡರ್ ಅದಕ್ಕೆ ಸೇರಿದ್ದು 1932ರಲ್ಲಿ. ಬ್ರೆಸಾನ್ ಲೈಕಾ ಹಿಡಿದದ್ದೂ ಆ ಹೊತ್ತಿನಲ್ಲೇ. ಆಗ 35 ಮಿ.ಮೀ. ಫಿಲ್ಮಿನ ಎಸ್‌ಎಲ್‌ಆರ್ ಅಂಗಡಿಗಳಲ್ಲೇ ಇರಲಿಲ್ಲ. ಜರ್ಮನಿಯ ಕಿನೆ ಎಕ್ಸಾಕ್ಟ ಬಂದದ್ದು 1936ರಲ್ಲಿ. 1954ರ ಲೈಕಾ ಎಂ3 ರೇಂಜ್‌ಫೈಂಡರ್‌ಗಳ ಶಿಖರವಾದರೆ, 1959ರ ನಿಕಾನ್ ಎಫ್ ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರು ಒಬ್ಬೊಬ್ಬರಾಗಿ ಎಸ್‌ಎಲ್‌ಆರ್ ಕಡೆಗೆ ಹೊರಳಿದರು. ಅಂದರೆ ಬ್ರೆಸಾನ್ ಆರಿಸಿಕೊಂಡದ್ದು ಆ ಕಾಲದಲ್ಲಿ ಜೇಬಿಗೆ ಹತ್ತಿರವಾದ, ಬೇಗ ಕೆಲಸ ಮಾಡುವ ಕ್ಯಾಮೆರಾವನ್ನು. ಇಂದು ಆ ಜಾಗದಲ್ಲಿರುವುದು ನಿಮ್ಮ ಕೈಯಲ್ಲಿರುವ ಫೋನ್!

ನಮ್ಮೂರಿನ ಉದಾಹರಣೆಯೂ ಇದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಿಗೆ ದೇಶವಿದೇಶಗಳಲ್ಲಿ ಹೆಸರು ತಂದದ್ದು ವನ್ಯಜೀವಿಗಳ ಚಿತ್ರಗಳು. ಉದ್ದ ಲೆನ್ಸ್ ಬೇಡುವ ಆ ಕೆಲಸಕ್ಕೆ ರೇಂಜ್‌ಫೈಂಡರ್ ಹೊಂದುವುದೇ ಇಲ್ಲ. ಕೆಲಸ ಯಾವುದೋ ಅದಕ್ಕೆ ತಕ್ಕ ಸಲಕರಣೆ.

ನಂಬಿಕೆ 4: ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ

ಸದ್ದು ಕಡಿಮೆ, ಆಕಾರ ಚಿಕ್ಕದು, ಮುಖದ ಅರ್ಧ ಭಾಗ ಕ್ಯಾಮೆರಾದ ಪಕ್ಕದಲ್ಲಿ ಕಾಣುತ್ತಿರುತ್ತದೆ. ಇಷ್ಟು ನಿಜ. ಆದರೆ ಶಿವಾಜಿನಗರದ ಓಣಿಯಲ್ಲಿ ಕಣ್ಣಿಗೆ ಏನನ್ನೋ ಒತ್ತಿ ಹಿಡಿದು ನಿಂತವರನ್ನು ಯಾರೂ ಗಮನಿಸುವುದಿಲ್ಲ ಎಂದುಕೊಂಡರೆ ಅದು ನಮ್ಮ ಭ್ರಮೆ. ವ್ಯಾಪಾರಿಯ ಕಣ್ಣು ಕ್ಯಾಮೆರಾಗಿಂತ ಚುರುಕು. 'ಅಣ್ಣ, ಒಂದು ಫೋಟೊ ತೆಗೀಲಾ?' ಎಂದು ಕೇಳುವುದಕ್ಕೆ ಯಾವ ಕ್ಯಾಮೆರಾವೂ ಬದಲಿ ಅಲ್ಲ. ಬೇಡ ಎಂದವರ ಫೋಟೊ ಬೇಡ.

ಹಾಗಾದರೆ ಎಲ್ಲಿ ಯಾವುದು?

ರಸೆಲ್ ಮಾರುಕಟ್ಟೆಯ ಹೂವಿನ ಅಂಗಡಿಗಳ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. 35 ಮಿ.ಮೀ. ಲೆನ್ಸ್, ಎಫ್/8, ದೂರ 3 ಮೀಟರ್ ಎಂದು ಇಟ್ಟರೆ ಸುಮಾರು 1.9 ಮೀಟರ್‌ನಿಂದ 7 ಮೀಟರ್‌ವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಫೋಕಸ್ ಮಾಡುವ ಗೋಜೇ ಇಲ್ಲ. ಲೆನ್ಸ್ ಮೇಲೆ ದೂರದ ಅಂಕಿಗಳು ಕೆತ್ತಿರುವುದರಿಂದ ರೇಂಜ್‌ಫೈಂಡರ್‌ನಲ್ಲಿ ಇದು ಬಲು ಸಲೀಸು. ಇನ್ನೊಂದು ಅನುಕೂಲವೆಂದರೆ, ಕಿಟಕಿಯಲ್ಲಿ ಚಿತ್ರದ ಚೌಕಟ್ಟು ಒಂದು ಬೆಳಕಿನ ಗೆರೆಯಾಗಿ ಕಾಣುತ್ತದೆ, ಅದರಾಚೆಗೂ ಒಂದಿಷ್ಟು ಕಾಣುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತವರು ಚೌಕಟ್ಟಿನೊಳಗೆ ಬರುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಹಲಸೂರು ಸೋಮೇಶ್ವರ ಜಾತ್ರೆಯ ಹೂವಿನ ಪಲ್ಲಕ್ಕಿಗಳ ರಾತ್ರಿಯಲ್ಲಿ ಕತೆ ಬೇರೆ. ಬೆಳಕು ಕಡಿಮೆ ಎಂದು ಲೆನ್ಸ್ ಪೂರ್ತಿ ತೆರೆಯಬೇಕು. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ತೆರೆದು 3 ಮೀಟರ್ ದೂರದವರನ್ನು ತೆಗೆದರೆ ಸ್ಪಷ್ಟವಾಗಿ ಬರುವ ಪಟ್ಟಿಯ ಅಗಲ ಸುಮಾರು 43 ಸೆಂ.ಮೀ. ಮಾತ್ರ. ಎಫ್/1.4ರಲ್ಲಿ ಒಂದು ಮೀಟರ್ ದೂರದ ಮುಖವಾದರೆ ಸುಮಾರು ಮೂರು ಸೆಂ.ಮೀ. ಕಣ್ಣು ಸ್ಪಷ್ಟ, ಕಿವಿ ಮಸುಕು. ನಿಂತವರಾದರೆ ಎರಡು ಬಿಂಬ ಕೂಡಿಸಿ ತೆಗೆಯಬಹುದು. ಪಲ್ಲಕ್ಕಿಯ ಜೊತೆ ನಡೆಯುವವರ ವಿಷಯದಲ್ಲಿ, ಮುಖ ಗುರುತಿಸಿ ಹಿಂಬಾಲಿಸುವ ಇಂದಿನ ಆಟೊಫೋಕಸ್ ಮುಂದೆ ಕೈ ಫೋಕಸ್ ಸೋಲುವುದೇ ಹೆಚ್ಚು.

ಕೆ.ಆರ್. ಪುರದ ಕೆರೆಯ ಹಕ್ಕಿಗಳಿಗೆ ಉತ್ತರ ಇನ್ನೂ ಸುಲಭ. ನೆನಪಿದೆಯಲ್ಲ, 100 ಮೀಟರ್‌ಗೆ 0.04 ಡಿಗ್ರಿ? ಅದಕ್ಕೇ ಲೈಕಾ ಎಂ ಕಿಟಕಿಯಲ್ಲಿ ಚೌಕಟ್ಟಿನ ಗೆರೆಗಳು 135 ಮಿ.ಮೀ. ಲೆನ್ಸ್‌ಗೇ ನಿಂತುಹೋಗುತ್ತವೆ. ಹಕ್ಕಿಗೆ ಬೇಕಾಗುವುದು 400 ಮಿ.ಮೀ. ಅಥವಾ ಇನ್ನೂ ಹೆಚ್ಚು.

ಮದುವೆ ಮನೆಯಲ್ಲೂ ತೊಂದರೆ ಇದೆ. ಈ ಕ್ಯಾಮೆರಾಗಳ ರೇಂಜ್‌ಫೈಂಡರ್ ಸಾಮಾನ್ಯವಾಗಿ 70 ಸೆಂ.ಮೀ.ಗಿಂತ ಹತ್ತಿರದ್ದನ್ನು ಅಳೆಯುವುದಿಲ್ಲ. ತಾಳಿ, ಉಂಗುರ, ಮದರಂಗಿಯ ಹತ್ತಿರದ ಚಿತ್ರ ಕಷ್ಟ. ಕಿಟಕಿ ಒಂದು ಕಡೆ, ಲೆನ್ಸ್ ಒಂದು ಕಡೆ ಇರುವುದರಿಂದ ಹತ್ತಿರ ಹೋದಷ್ಟೂ ನೀವು ಕಂಡದ್ದಕ್ಕೂ ಚಿತ್ರಕ್ಕೂ ವ್ಯತ್ಯಾಸ ಬರುತ್ತದೆ. ಲೆನ್ಸ್ ಮುಚ್ಚಳ ತೆಗೆಯಲು ಮರೆತರೂ ಕಿಟಕಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ! ಮತ್ತೆ ಬಾರದ ಗಳಿಗೆಗಳಿಗೆ ಹಣ ಪಡೆದು ಫೋಟೊ ತೆಗೆಯುವವರು ಇದೊಂದನ್ನೇ ನಂಬಿ ಡಿಎಸ್‌ಎಲ್‌ಆರ್ ಮಾರುವುದು ಜಾಣತನವಲ್ಲ.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎಂಬ ಮಾತಿನ ಅರ್ಥವೂ ಇಷ್ಟೇ: ಕ್ಯಾನನ್, ನಿಕಾನ್ ಕಂಪನಿಗಳ ಗಮನ ಈಗ ಮಿರರ್‌ಲೆಸ್ ಕಡೆಗಿದೆ. ನಿಮ್ಮ ಹತ್ತಿರ ಇರುವ ಕ್ಯಾಮೆರಾ ಅದರಿಂದ ಕೆಡುವುದಿಲ್ಲ.

ಹಳೆಯದನ್ನು ಕೊಳ್ಳುವವರು ಗಮನಿಸಿ

ಲಕ್ಷಗಟ್ಟಲೆ ಕೊಡಲಾಗದವರು ಹಳೆಯ ಫಿಲ್ಮ್ ರೇಂಜ್‌ಫೈಂಡರ್ ಹುಡುಕುತ್ತಾರೆ. ಕೊಳ್ಳುವ ಮೊದಲು ಇಷ್ಟು ನೋಡಿ.

• ಲೆನ್ಸ್ ಬಳೆಯನ್ನು ಕೊನೆಯವರೆಗೆ, ಅಂದರೆ ಅನಂತದ ಗುರುತಿಗೆ ತಿರುಗಿಸಿ. ಒಂದೆರಡು ಕಿ.ಮೀ. ದೂರದ ಗೋಪುರವನ್ನೋ ಎತ್ತರದ ಕಟ್ಟಡವನ್ನೋ ನೋಡಿ. ಎರಡು ಬಿಂಬ ಕೂಡದಿದ್ದರೆ ಅಥವಾ ಒಂದು ಮೇಲೆ ಒಂದು ಕೆಳಗೆ ಕಂಡರೆ ಯಂತ್ರ ಸರಿಯಿಲ್ಲ. ರಿಪೇರಿ ಬೇಕು.

• ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು. ಮಳೆಗಾಲದ ತೇವದಲ್ಲಿ ಮುಚ್ಚಿದ ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟ ಲೆನ್ಸ್‌ಗಳಿಗೆ ಇದು ಹಿಡಿಯುತ್ತದೆ.

• ಬ್ಯಾಟರಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೊ 35ಗೆ ಬೇಕಾದ ಹಳೆಯ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಅಡಾಪ್ಟರ್ ಹಾಕಬೇಕು.

• ಅಗ್ಗಕ್ಕೆ ಸಿಗುವ 'ಹಳೆಯ ಲೈಕಾ', ಅದರಲ್ಲೂ ಚಿನ್ನದ ಬಣ್ಣದ್ದು ಅಥವಾ ಯುದ್ಧಕಾಲದ ಮುದ್ರೆ ಇರುವುದು ಕಂಡರೆ ಎಚ್ಚರ. ಸೋವಿಯತ್ ಒಕ್ಕೂಟದಲ್ಲಿ ಲೈಕಾ ಮಾದರಿಯಲ್ಲೇ ತಯಾರಾದ ಫೆಡ್, ಜೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರು ಕೆತ್ತಿ ಮಾರುವುದು ಹಳೆಯ ಮೋಸ.

• ಕನ್ನಡಕ ಹಾಕುವವರು ಕಣ್ಣಿಟ್ಟು ನೋಡಿಯೇ ಕೊಳ್ಳಿ. ಅಗಲ ಲೆನ್ಸ್‌ಗಳ ಚೌಕಟ್ಟಿನ ಅಂಚು ಕನ್ನಡಕದಿಂದ ಪೂರ್ತಿ ಕಾಣದೇ ಇರಬಹುದು.

ಮಾರುವ ಮೊದಲು ಒಂದು ತಿಂಗಳ ಪರೀಕ್ಷೆ

ರೇಂಜ್‌ಫೈಂಡರ್ ಹಿಡಿದವರು ಹೇಳುವ ಬದಲಾವಣೆ ಸುಳ್ಳಲ್ಲ. ಜೂಮ್ ಇಲ್ಲ, ಆಟೊಫೋಕಸ್ ಇಲ್ಲ, ಸೆಕೆಂಡಿಗೆ ಹತ್ತು ಚಿತ್ರ ಹೊಡೆಯುವ ಆತುರವೂ ಇಲ್ಲ. ಹಾಗಾಗಿ ಅವರು ನಿಂತು ನೋಡುತ್ತಾರೆ, ದೂರ ಅಂದಾಜು ಮಾಡುತ್ತಾರೆ, ಹತ್ತಿರ ಹೋಗಿ ಮಾತಾಡಿಸುತ್ತಾರೆ. ಚಿತ್ರ ಸುಧಾರಿಸಿದರೆ ಅದು ಈ ಅಭ್ಯಾಸದಿಂದ. ಈ ಅಭ್ಯಾಸಕ್ಕೆ ಹೊಸ ಕ್ಯಾಮೆರಾ ಬೇಕಿಲ್ಲ.

ನಿಮ್ಮ ಡಿಎಸ್‌ಎಲ್‌ಆರ್ ಜೊತೆ ಬಂದ 18-55 ಲೆನ್ಸನ್ನು 24ರ ಗುರುತಿಗೆ ಇಟ್ಟು, ಜೂಮ್ ಬಳೆಗೆ ಟೇಪ್ ಸುತ್ತಿ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಚಿಕ್ಕ ಸೆನ್ಸರ್‌ನಲ್ಲಿ ಅದು ಹೆಚ್ಚುಕಡಿಮೆ 35 ಮಿ.ಮೀ. ನೋಟ ಕೊಡುತ್ತದೆ. ಎಫ್/8 ಇಡಿ. ಮೂರು ಮೀಟರ್, ಅಂದರೆ ಸುಮಾರು ನಾಲ್ಕು ಹೆಜ್ಜೆ ದೂರದ ವಸ್ತುವಿಗೆ ಒಮ್ಮೆ ಆಟೊಫೋಕಸ್ ಮಾಡಿ, ಲೆನ್ಸ್ ಮೇಲಿನ ಗುಂಡಿಯನ್ನು ಎಂ ಕಡೆಗೆ ಸರಿಸಿ. ಹಿಂದಿನ ಸ್ಕ್ರೀನ್ ಮೇಲೆ ಒಂದು ಕಾಗದ ಅಂಟಿಸಿ. ದಿನಕ್ಕೆ 36 ಚಿತ್ರ ಮಾತ್ರ, ಒಂದು ಫಿಲ್ಮ್ ರೋಲಿನಲ್ಲಿ ಇರುತ್ತಿದ್ದಷ್ಟು. ಹೀಗೆ ನಾಲ್ಕು ಭಾನುವಾರ ಕಮರ್ಷಿಯಲ್ ಸ್ಟ್ರೀಟ್‌ನಿಂದ ಹಲಸೂರು ಕೆರೆಯವರೆಗೆ ನಡೆದು ಬನ್ನಿ.

ಖುಷಿಯಾಯಿತೇ? ಆಗ ರೇಂಜ್‌ಫೈಂಡರ್ ನಿಮಗೆ ಒಗ್ಗಬಹುದು, ಹಣವಿದ್ದರೆ ಕೊಳ್ಳಿ. ಕಿರಿಕಿರಿಯಾಯಿತೇ? ಲಕ್ಷಗಟ್ಟಲೆ ಉಳಿಯಿತು.

ಕೊನೆಗೆ ಒಂದು ಮಾತು. ಎರಡು ಕಿಟಕಿಯ ಈ ಹಳೆಯ ಉಪಾಯ ಲೈಕಾ ಜೊತೆಗೇ ಉಳಿದುಕೊಂಡಿಲ್ಲ. ಫೋನಿನ ಬೆನ್ನಿನ ಮೇಲೆ ಅಕ್ಕಪಕ್ಕ ಎರಡು ಕ್ಯಾಮೆರಾ ಇವೆಯಲ್ಲ, ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕು ಮಾಡುವಾಗ ಹಲವು ಫೋನುಗಳು ಎರಡೂ ಬಿಂಬಗಳ ನಡುವಿನ ಜಿಗಿತವನ್ನೇ ಅಳೆದು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತವೆ. 2016ರ ಐಫೋನ್ 7 ಪ್ಲಸ್ ಮಾಡಿದ್ದು ಇದನ್ನೇ. 'ಕ್ಯಾಮೆರಾ ಬದಲಿಸಿ, ಬದುಕು ಬದಲಾಗುತ್ತದೆ' ಎಂಬ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಹೆಬ್ಬೆರಳು ಎತ್ತಿ ನೋಡಿ. ಕಳಿಸಿದವರಿಗೂ ಈ ಆಟ ತೋರಿಸಿ.